ಅಡಿಕೆ ಡ್ರೈಯರಿನಲ್ಲಿ ಜೀವ ಬಂದ ರಿಗ್

"ಮಲೆನಾಡಿನ ಮಳೆಗೆ ವಾಲ್ವ್ ಸೆಟ್ಟು ತಡೆಯಲ್ಲ ಓಎಂ, ಗುಜರಿಗೆ ಹಾಕಿಬಿಡಿ." ಮೂರು ವರ್ಷದ ಹಿಂದೆ ಬೆಂಗಳೂರಿನ ಹಿರಿಯ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರೊಬ್ಬರು ನನ್ನ ಹಳೇ ರೇಡಿಯೋ ಸೆಟ್ಟಿನ ಬಗ್ಗೆ ಹೇಳಿದ ಮಾತಿದು. ವಾಲ್ವ್ ಅಂದರೆ ಟ್ರಾನ್ಸಿಸ್ಟರಿಗೂ ಮೊದಲಿನ ಗಾಜಿನ ಬುರುಡೆ; ಓಎಂ ಅಂದರೆ ನಮ್ಮ ಹ್ಯಾಮ್ ಭಾಷೆಯಲ್ಲಿ ಗೆಳೆಯ. ಈಗ ಅದೇ ಸೆಟ್ಟಿನಿಂದ ಬೆಳಿಗ್ಗೆ ಅವರನ್ನೇ ಕರೆಯುತ್ತೇನೆ. 5-9 ಅಂತ, ಅಂದರೆ ಸ್ಪಷ್ಟವಾಗಿ ಜೋರಾಗಿ ಕೇಳುತ್ತಿದೆ ಅಂತ, ರಿಪೋರ್ಟ್ ಕೊಡುತ್ತಾರೆ. ಬಾಯಿಬಿಟ್ಟು ಹೊಗಳುವುದಿಲ್ಲ, ಅದು ಬೇರೆ ವಿಷಯ.

ಸೆಟ್ಟು (ನಮ್ಮ ಭಾಷೆಯಲ್ಲಿ ರಿಗ್) ಕೆನ್‌ವುಡ್ ಟಿಎಸ್-520ಎಸ್, ಎಪ್ಪತ್ತರ ದಶಕದ್ದು. ಸೈಲೆಂಟ್ ಕೀ ಆದ, ಅಂದರೆ ತೀರಿಕೊಂಡ, ಹಿರಿಯ ಹ್ಯಾಮ್ ಒಬ್ಬರ ಮನೆಯಿಂದ ಒಂಬತ್ತು ಸಾವಿರ ಚಿಲ್ಲರೆಗೆ ತಂದೆ. ಹತ್ತು ಮಳೆಗಾಲ ಅಟ್ಟದಲ್ಲೇ ಇತ್ತಂತೆ. ಶಿರಸಿ ಕಡೆಯ ಅಟ್ಟದ ತೇವ ಗೊತ್ತಲ್ಲ, ಚಪ್ಪಲಿಗೂ ಬೂಸ್ಟು ಬರುತ್ತದೆ.

ಸೀರೀಸ್ ಲ್ಯಾಂಪ್ (ಹೆಚ್ಚು ಕರೆಂಟ್ ಹರಿಯದಂತೆ ನಡುವೆ ಒಂದು ಬಲ್ಬು) ಹಾಕಿ ಸ್ವಿಚ್ ಒತ್ತಿದ್ದೇ ತಡ, ಮನೆಯ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ಬೀಳುವ ಸ್ವಿಚ್) ಬಿತ್ತು. ಫಿಲ್ಟರ್ ಕೆಪಾಸಿಟರ್ ಇರಬೇಕು ಅಂದುಕೊಂಡು ಎಲ್ಲ ಬದಲಿಸಿದೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿದ್ದು, ಎಂಟುನೂರೋ ಒಂಬೈನೂರೋ ಆಯಿತು. ಮತ್ತೆ ಬಿತ್ತು. ಕೊನೆಗೆ ಕರೆಂಟ್ ಕೆಲಸದ ಹುಡುಗನಿಂದ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಕಡ ತಂದು ನೋಡಿದರೆ, ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಿಂದ ಅದರ ಲೋಹದ ಮೈಗೆ ಮುಳ್ಳು ಸೊನ್ನೆಯ ಹತ್ತಿರ! ಅಂದರೆ ಇನ್ಸುಲೇಶನ್ ಹೋಗಿದೆ. ಹುಬ್ಬಳ್ಳಿಯಲ್ಲಿ ರಿವೈಂಡಿಂಗಿಗೆ ಕೇಳಿದೆ. ಆರು ಸಾವಿರ, ಗ್ಯಾರಂಟಿ ಇಲ್ಲ.

ಆಗ ಅಂಗಳದಲ್ಲಿ ಅಡಿಕೆ ಡ್ರೈಯರ್ ಉರಿಯುತ್ತಿತ್ತು. ಸುಟ್ಟಿದ್ದಲ್ಲ, ನೆನೆದಿದ್ದು ಅಷ್ಟೇ ಇರಬಹುದಲ್ಲ ಅನ್ನಿಸಿತು. ಟ್ರಾನ್ಸ್‌ಫಾರ್ಮರ್ ಒಂದನ್ನೇ ಬಿಚ್ಚಿ, ಚಾಲಿ ಅಡಿಕೆಯ ಪಕ್ಕದ ತಟ್ಟೆಯಲ್ಲಿ ಇಟ್ಟೆ. 55ರಿಂದ 60 ಡಿಗ್ರಿ ಇದ್ದಿರಬೇಕು. ಮನೆಯವಳು "ಇದನ್ನೂ ಸುಲಿಯಬೇಕಾ?" ಅಂತ ಕೇಳಿದಳು. ಮೊದಲ ದಿನ ಏನೂ ಬದಲಾಗಲಿಲ್ಲ. ಮೂರನೇ ದಿನ ಮೆಗ್ಗರ್ ನೂರು ಮೆಗಓಮ್ ದಾಟಿತು. ಆರಿದ ಮೇಲೆ ಮತ್ತೆ ತೇವ ಎಳೆಯದ ಹಾಗೆ ಒಂದು ಕೆಲಸ ಮಾಡಿದ್ದೇನೆ. ಅದನ್ನು ಇಲ್ಲಿ ಹೇಳುವುದಿಲ್ಲ. ಮನೆಗೆ ಬನ್ನಿ, ತೋರಿಸುತ್ತೇನೆ.

ಆಮೇಲೆ ಮಾಡಿದ್ದು ಶುದ್ಧ ಅವಸರ. ಡ್ರೈವರ್ ವಾಲ್ವ್ 12ಬಿವೈ7ಎಯಿಂದ ಫೈನಲ್ಸ್ (ಕೊನೆಯ ಪವರ್ ವಾಲ್ವ್ ಜೋಡಿ) ಗ್ರಿಡ್ಡಿಗೆ ಹೋಗುವ ಕಪ್ಲಿಂಗ್ ಕೆಪಾಸಿಟರ್ ಮೊದಲು ಬದಲಿಸಬೇಕು ಅಂತ ಗೊತ್ತಿದ್ದೂ ಬಿಟ್ಟೆ. ಅದು ಲೀಕ್ ಆಗಿ, ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಬಯಾಸ್ ಹೋಯಿತು. ಪ್ಲೇಟು ಕೆಂಡದ ಹಾಗೆ ಕೆಂಪಾಗಿ ಫೈನಲ್ಸಿನ ಒಂದು ಎಸ್2001ಎ ವಾಲ್ವ್ ಸತ್ತಿತು. ಐವತ್ತು ರೂಪಾಯಿ ಉಳಿಸಲು ಹೋಗಿ ಏಳು ಸಾವಿರ ಕಳೆದೆ. ಅದರಲ್ಲೂ ಮೊದಲು ಬಂದ "ಹೊಸ" ಜೋಡಿ ಹಳೇ ವಾಲ್ವಿಗೆ ಹೊಸ ಹೆಸರು ಅಚ್ಚು ಹಾಕಿದ್ದು. ಮಾರಿದವನು ಫೋನ್ ಎತ್ತಲಿಲ್ಲ. ಎರಡನೇ ಸಲ ಗೆಳೆಯರ ಹತ್ತಿರ ಇದ್ದ 6146ಬಿ ಜೋಡಿ ಸಿಕ್ಕಿತು. ಎಸ್2001ಎ ಜಾಗದಲ್ಲಿ ಸುಮ್ನೆ ಚುಚ್ಚಿದರೆ ಆಗಲ್ಲ, ನ್ಯೂಟ್ರಲೈಸೇಷನ್ (ವಾಲ್ವ್ ತಾನಾಗಿ ಆಸಿಲೇಟ್ ಆಗದ ಹಾಗೆ ಹೊಂದಿಸುವುದು) ಮತ್ತೆ ಮಾಡಲೇಬೇಕು. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ಐಡಲ್ ಕರೆಂಟ್ (ಮಾತಾಡದಿದ್ದಾಗ ವಾಲ್ವ್ ಎಳೆಯುವ ಕರೆಂಟ್) 60 ಮಿಲಿಆಂಪ್‌ಗೆ ನಿಲ್ಲಿಸಿದೆ. 40 ಮೀಟರ್ ಬ್ಯಾಂಡಿನಲ್ಲಿ 80-90 ವಾಟ್ ಬರುತ್ತದೆ. ರಿಲೇ ಕಾಂಟ್ಯಾಕ್ಟಿಗೆ ಉಪ್ಪುಕಾಗದ ಮುಟ್ಟಿಸಲಿಲ್ಲ. ಮದುವೆ ಕರೆಯೋಲೆಯ ದಪ್ಪ ಕಾಗದಕ್ಕೆ ಸ್ಪಿರಿಟ್ ಹಚ್ಚಿ ಎಳೆದೆ. ಕೇಳುವ ದನಿ ಕುಂದುವುದು ನಿಂತಿತು.

ಆಂಟೆನಾ ಡೈಪೋಲ್, ನಡುವೆ ಕೇಬಲ್ ಸೇರಿಸಿದ ಉದ್ದ ತಂತಿ. ಒಂದು ತುದಿ ಮಾವಿನ ಮರಕ್ಕೆ, ಇನ್ನೊಂದು ಅಡಿಕೆ ಮರಕ್ಕೆ. ಅಡಿಕೆ ಕೊನೆ ಇಳಿಸುವ ಕೊನೆಗೌಡನನ್ನು ಹತ್ತಿಸಿದೆ. "ಹೆಗಡೇರೇ, ಈ ಮರದ ಕೊನೆಯೂ ನಿಮ್ಮ ತಂತಿಯೂ ಎರಡೂ ಉಳಿಯೂದಿಲ್ಲ" ಅಂದ. ಹೇಳಿದ ಹಾಗೇ ಆಯಿತು. ಗಾಳಿಗೆ ಮರ ತೂಗಿ ಮೂರು ಸಲ ತಂತಿ ಕಡಿಯಿತು. ಈಗ ತುದಿಗೆ ರಾಟೆ ಕಟ್ಟಿ, ಹಗ್ಗಕ್ಕೆ ಕಲ್ಲು ತುಂಬಿದ ಐದು ಲೀಟರಿನ ಎಣ್ಣೆ ಕ್ಯಾನ್ ನೇತುಹಾಕಿದ್ದೇನೆ. ಮರ ತೂಗಿದರೆ ಕ್ಯಾನ್ ಮೇಲೆ ಕೆಳಗೆ ಆಡುತ್ತದೆ, ಅಷ್ಟೇ. ಲೆಕ್ಕಕ್ಕೆ ಒಂದು ಕಡೆ 33 ಅಡಿ. ಮನೆ ವೈರಿಂಗಿನ ಪಿವಿಸಿ ತಂತಿ ಆದ್ದರಿಂದ ಕತ್ತರಿಸುತ್ತಾ 32ರ ಹತ್ತಿರ ನಿಂತಿತು. ಮಳೆಯಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಹೊಂದಿದೆ ಅನ್ನುವ ಅಳತೆ, 1 ಇದ್ದರೆ ಉತ್ತಮ) 1.3ರಿಂದ 1.8ಕ್ಕೆ ಏರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣ ಹೊಡೆದ ವಾರ ಇನ್ನೂ ಜಾಸ್ತಿ. ಇನ್ಸುಲೇಟರ್ ಮೇಲೆ ಕೂತ ನೀಲಿ ಪದರವೇ ಕಾರಣ ಅಂತ ನನ್ನ ಗುಮಾನಿ. ಒರೆಸಿದರೆ ಇಳಿಯುತ್ತದೆ.

ಇನ್ನೊಂದು ಪೀಡೆ, ಸೆಟ್ಟಿನಲ್ಲಿ ಸೆಕೆಂಡಿಗೊಮ್ಮೆ ಟಕ್ ಟಕ್. ಇನ್ವರ್ಟರ್ ಬಿಚ್ಚಿದೆ, ಎಲ್‌ಇಡಿ ಬಲ್ಬು ಕಿತ್ತೆ, ಗದ್ದಲ ತಡೆಯುವ ಫೆರೈಟ್ ಉಂಗುರಕ್ಕೆ ವೈರು ಸುತ್ತಿದೆ. ಯಾವುದೂ ಅಲ್ಲ. ಪಕ್ಕದ ಗದ್ದೆಯ ಸೋಲಾರ್ ಬೇಲಿ! ಹಂದಿ ಬರದಿರಲಿ ಅಂತ ಹಾಕಿದ್ದು. ಅದಕ್ಕೆ ಹಸಿ ಬಳ್ಳಿ ತಾಗಿ ಕಿಡಿ ಹಾರುತ್ತಿತ್ತು. ಪಾಕೆಟ್ ರೇಡಿಯೋ ಹಿಡಿದು ಬೇಲಿಗುಂಟ ನಡೆದು ಜಾಗ ಹುಡುಕಿದೆ. ಗದ್ದೆಯವರ ಜೊತೆ ನಾನೇ ಕತ್ತಿ ಹಿಡಿದು ಬಳ್ಳಿ ಸವರಿದೆ. ಟಕ್ ಟಕ್ ಹೋಯಿತು, ಅವರ ಬೇಲಿಗೂ ಒಳ್ಳೇ ಶಾಕ್ ಬಂತು. ಆಮೇಲೆ ಒಂದು ಬುಟ್ಟಿ ಬದನೆಕಾಯಿ ಮನೆಗೆ ಬಂತು.

ಕೋಆಕ್ಸ್ (ಆಂಟೆನಾ ಕೇಬಲ್), ಸ್ಟೆಬಿಲೈಜರ್, ಬಸ್ ಚಾರ್ಜು ಎಲ್ಲ ಸೇರಿ ಇಪ್ಪತ್ನಾಲ್ಕು ಸಾವಿರ ಆಗಿರಬಹುದು. ಮೋಸ ಹೋದ ಜೋಡಿಯ ದುಡ್ಡು ಇದರಲ್ಲಿ ಸೇರಿಸಿಲ್ಲ, ಮನೆಯಲ್ಲೂ ಹೇಳಿಲ್ಲ. ಹೊಸ ಎಚ್‌ಎಫ್ (ಶಾರ್ಟ್‌ವೇವ್) ರಿಗ್ಗಿಗೆ ಇದಕ್ಕಿಂತ ಬಹಳ ಬೇಕು. ಸೆಟ್ಟಿನ ಕಪಾಟಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ತೇವ ತಾಗದಿರಲಿ ಅಂತ 15 ವಾಟಿನ ಹಳೇ ಬಲ್ಬು ಹಗಲು ರಾತ್ರಿ ಉರಿಯುತ್ತದೆ.

ಹೋದ ವಾರ ಬೆಂಗಳೂರಿನ ಆ ಗೆಳೆಯರು ಒಂದು ಪಾರ್ಸೆಲ್ ಕಳಿಸಿದ್ದಾರೆ. ಒಳಗೆ ಅವರ ಹಳೇ ಲೀನಿಯರ್ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್, ಚೀಟಿ ಇಲ್ಲ. ಡ್ರೈಯರಿನಲ್ಲಿ ಇನ್ನೂ ನಾಲ್ಕು ದಿನ ಅಡಿಕೆ ಇದೆ. ಅದು ಖಾಲಿಯಾಗಲಿ.