ನ್ಯೂರೆಂಬರ್ಗ್ ಕ್ರಿಸ್‌ಮಸ್ ಸಂತೆಗೆ ಇಬ್ಬರು ಗೆಳೆಯರು: ವಾರಾಂತ್ಯದ ಪ್ರವಾಸ ಹೀಗೆ ಹಾಕಿಕೊಳ್ಳಿ

ಜರ್ಮನಿಯ ಮ್ಯೂನಿಕ್ ಕಡೆ ಓದುವ, ಕೆಲಸ ಮಾಡುವ ಕನ್ನಡಿಗರಿಗೆ ಡಿಸೆಂಬರ್ ಬಂತೆಂದರೆ ಒಂದೇ ಮಾತು, ನ್ಯೂರೆಂಬರ್ಗ್‌ಗೆ ಹೋಗೋಣ್ವಾ ಅಂತ. ಹೋಗಲೇಬೇಕು. ಆದರೆ ಶನಿವಾರ ಮಧ್ಯಾಹ್ನ ರೈಲಿಳಿದು, ಕತ್ತಲಾಗುವವರೆಗೆ ಜನರ ನಡುವೆ ನೂಕಾಡಿ, ಒಂದು ಲೋಟ ಬಿಸಿ ವೈನ್ ಕುಡಿದು ಅದೇ ರಾತ್ರಿ ವಾಪಸ್ ಬಂದರೆ ಊರು ನೋಡಿದ ಹಾಗೆ ಆಗೋದಿಲ್ಲ. ಸಂತೆಗೆ ಯಾವ ಹೊತ್ತಿಗೆ ಹೋಗಬೇಕು ಅನ್ನೋದನ್ನು ಮೊದಲು ತೀರ್ಮಾನಿಸಿ. ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿಕೊಳ್ಳಿ.

ಮೊದಲು ದಿನ, ಆಮೇಲೆ ಕೋಣೆ

ಸಂತೆಯ ಹೆಸರು ಕ್ರಿಸ್ಟ್‌ಕಿಂಡ್ಲೆಸ್‌ಮಾರ್ಕ್ಟ್. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಅಡ್ವೆಂಟ್ ಭಾನುವಾರ ಅನ್ನುತ್ತಾರೆ. ಅದರಲ್ಲಿ ಮೊದಲನೆಯದರ ಹಿಂದಿನ ಶುಕ್ರವಾರ ಸಂತೆ ಶುರುವಾಗಿ ಡಿಸೆಂಬರ್ 24ಕ್ಕೆ ಮುಗಿಯುತ್ತದೆ. ಶುರುವಾಗುವ ಸಂಜೆ ಚಿನ್ನದ ಕಿರೀಟ ತೊಟ್ಟ ಹುಡುಗಿಯೊಬ್ಬಳು ಫ್ರಾವೆನ್‌ಕಿರ್ಷೆ ಚರ್ಚಿನ ಮೇಲಿಂದ ಪದ್ಯ ಹೇಳಿ ಸಂತೆಗೆ ಚಾಲನೆ ಕೊಡುತ್ತಾಳೆ. ಅವಳೇ ಕ್ರಿಸ್ಟ್‌ಕಿಂಡ್. ಎರಡು ವರ್ಷಕ್ಕೊಮ್ಮೆ ಊರಿನ ಹದಿಹರೆಯದ ಹುಡುಗಿಯರಲ್ಲಿ ಒಬ್ಬಳನ್ನು ಆರಿಸುತ್ತಾರೆ. ಇದನ್ನು ನೋಡುವ ಆಸೆಯಿದ್ದರೆ ಆ ಶುಕ್ರವಾರವೇ ಹೋಗಿ, ಸಂತೆ ನಡೆಯುವ ಚೌಕ ತುಂಬಿ ತುಳುಕುತ್ತಿರುತ್ತದೆ ಅನ್ನೋದು ಗೊತ್ತಿರಲಿ. ಇಲ್ಲದಿದ್ದರೆ ನಂತರದ ಯಾವ ವಾರವಾದರೂ ಸರಿ.

ಕೋಣೆಯನ್ನು ಸೆಪ್ಟೆಂಬರ್‌ನಲ್ಲೇ ಹಿಡಿಯಿರಿ. ಹಳೇ ಪಟ್ಟಣದೊಳಗೆ ಬಾಡಿಗೆ ಜಾಸ್ತಿ ಕಂಡರೆ ಪಕ್ಕದ ಫ್ಯೂರ್ಥ್ ನೋಡಿ. ಜರ್ಮನಿಯ ಮೊದಲ ಉಗಿಬಂಡಿ 1835ರಲ್ಲಿ ಓಡಿದ್ದು ಈ ಎರಡು ಊರುಗಳ ನಡುವೆಯೇ. ಈಗ ಯು1 ಮೆಟ್ರೋ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ನ್ಯೂರೆಂಬರ್ಗ್ ಬರುತ್ತದೆ. ಹತ್ತಿರದ ಎರ್ಲಾಂಗೆನ್ ಊರಲ್ಲಿ ನೆಂಟರೋ ಸ್ನೇಹಿತರೋ ಇದ್ದರೆ ಇನ್ನೂ ಒಳ್ಳೇದು.

ಟಿಕೆಟ್

ಮ್ಯೂನಿಕ್‌ನಿಂದ ವೇಗದ ಐಸಿಇ ರೈಲಿಗೆ ಒಂದು ಗಂಟೆ ಚಿಲ್ಲರೆ, ಇಂಗೋಲ್‌ಸ್ಟಾಟ್ ಮೇಲೆ ಹೋಗುವ ಪ್ರಾದೇಶಿಕ ರೈಲಿಗೆ ಸುಮಾರು ಒಂದೂ ಮುಕ್ಕಾಲು ಗಂಟೆ. ವ್ಯತ್ಯಾಸ ಅಷ್ಟೇ. ದೇಶದ ಪ್ರಾದೇಶಿಕ ರೈಲುಗಳಿಗೆಲ್ಲ ನಡೆಯುವ ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ ಇದ್ದವರಿಗೆ ಪ್ರಾದೇಶಿಕ ರೈಲಿಗೆ ಬೇರೆ ಖರ್ಚೇ ಇಲ್ಲ. ಇಲ್ಲದವರು ಇಬ್ಬರಿಗೂ ಸೇರಿಸಿ ಬವೇರಿಯಾ ರಾಜ್ಯದೊಳಗೆ ನಡೆಯುವ ಒಂದು ಬಯರ್ನ್ ಟಿಕೆಟ್ ತಗೊಳ್ಳಿ, ನ್ಯೂರೆಂಬರ್ಗ್‌ನ ಮೆಟ್ರೋ, ಟ್ರಾಮ್‌ನಲ್ಲೂ ಅದು ನಡೆಯುತ್ತದೆ. ಅದು ಒಂದು ದಿನದ ಟಿಕೆಟ್, ಹೋಗೋದಕ್ಕೊಂದು ಬರೋದಕ್ಕೊಂದು ಬೇಕು. ವಾರದ ದಿನಗಳಲ್ಲಿ ಬೆಳಿಗ್ಗೆ 9ಕ್ಕೆ ಮುಂಚೆ ನಡೆಯೋದಿಲ್ಲ, ಐಸಿಇಗಂತೂ ಯಾವತ್ತೂ ಇಲ್ಲ.

ಹೊರಡುವ ಮುಂಚೆ ಗೆಳೆಯನ ಜೊತೆ ಒಂದು ಮಾತು

ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ನನಗಂತೂ ಇದೇ ಮುಖ್ಯ ಅನಿಸುತ್ತದೆ. ಒಬ್ಬರಿಗೆ ಮಳಿಗೆ ಮಳಿಗೆಯನ್ನೂ ನಿಂತು ನೋಡಬೇಕು, ಇನ್ನೊಬ್ಬರಿಗೆ ಫೋಟೋ, ಮತ್ತೊಬ್ಬರಿಗೆ ಬೆಚ್ಚಗೆ ಎಲ್ಲಾದರೂ ಕೂತರೆ ಸಾಕು. ಇಬ್ಬರೂ ತಲಾ ಒಂದು ಆಸೆ ಹೇಳಿಕೊಳ್ಳಿ, ಅದೆರಡನ್ನು ಮಾತ್ರ ತಪ್ಪಿಸಬೇಡಿ. ಖರ್ಚಿಗೆ ಇಬ್ಬರೂ ಸಮನಾಗಿ ನೋಟು ಹಾಕಿ ಒಂದೇ ಪರ್ಸ್ ಇಟ್ಟುಕೊಳ್ಳಿ. ಎಲ್ಲ ಮಳಿಗೆಯಲ್ಲೂ ಕಾರ್ಡ್ ನಡೆಯುತ್ತದೆ ಅಂತ ನಂಬಿ ಹೋಗಬೇಡಿ, ಚಿಲ್ಲರೆ ಇರಲಿ. ಜನರ ನಡುವೆ ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತಲೂ ಮೊದಲೇ ಮಾತಾಡಿಕೊಳ್ಳಿ. ಚೌಕದ ಮೂಲೆಯ ಶೋನರ್ ಬ್ರುನ್ನನ್ ಅನ್ನೋ ಗೋಪುರದಂಥ ಕಾರಂಜಿ ಅದಕ್ಕೆ ಹೇಳಿಮಾಡಿಸಿದ ಜಾಗ, ಎಲ್ಲಿಂದ ನೋಡಿದರೂ ಕಾಣುತ್ತದೆ. ಅದರ ಕಂಬಿಯಲ್ಲಿ ಒಂದು ಹಿತ್ತಾಳೆ ಬಣ್ಣದ ಬಳೆಯಿದೆ, ತಿರುಗಿಸಿ ಬೇಡಿಕೊಂಡರೆ ಆಸೆ ಈಡೇರುತ್ತದೆ ಅನ್ನೋ ನಂಬಿಕೆ. ಕಾಯುವವರು ತಿರುಗಿಸುತ್ತಾ ಇರಬಹುದು.

ಬಟ್ಟೆ ಬಗ್ಗೆ ಒಂದೇ ಮಾತು: ಶೂ ದಪ್ಪ ಅಟ್ಟೆಯದ್ದಿರಲಿ, ಕಲ್ಲುಹಾಸಿನ ಮೇಲೆ ನಿಂತಷ್ಟೂ ಚಳಿ ಕಾಲಿನಿಂದಲೇ ಏರುತ್ತದೆ.

ಶನಿವಾರ

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಬೆಳಿಗ್ಗೆಯೇ ಹೋಗಿಬರುವವರಿಗೆ ಈ ಗುಟ್ಟು ಗೊತ್ತು. ಇಲ್ಲಿಯೂ ಹಾಗೇ. ಸಂತೆ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ, ಆ ಹೊತ್ತಿಗೆ ಹೌಪ್ಟ್‌ಮಾರ್ಕ್ಟ್ ಚೌಕದಲ್ಲಿ ನಿಂತಿರಿ. ಕೆಂಪು ಬಿಳಿ ಪಟ್ಟೆಯ ಬಟ್ಟೆ ಹೊದಿಸಿದ ಮರದ ಮಳಿಗೆಗಳ ನಡುವೆ ಆರಾಮವಾಗಿ ಓಡಾಡಬಹುದು, ಅಂಗಡಿಯವರಿಗೂ ಮಾತಾಡೋದಕ್ಕೆ ಪುರುಸೊತ್ತಿರುತ್ತದೆ. ಒಣಗಿಸಿದ ಪ್ಲಮ್ ಹಣ್ಣು ಪೋಣಿಸಿ ಮಾಡಿದ ಪುಟ್ಟ ಗೊಂಬೆಗಳನ್ನು ಹುಡುಕಿ. ಇಲ್ಲಿಯ ವಿಶೇಷ ಅವು.

ಸರಿಯಾಗಿ 12ಕ್ಕೆ ಫ್ರಾವೆನ್‌ಕಿರ್ಷೆ ಚರ್ಚಿನ ಗಡಿಯಾರ ನೋಡಿ. ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಏಳು ಜನ ಪ್ರಮುಖರ ಗೊಂಬೆಗಳು ಹೊರಬಂದು ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ನಾಲ್ಕನೇ ಕಾರ್ಲ್‌ನನ್ನು ಮೂರು ಸುತ್ತು ಹಾಕುತ್ತವೆ. ಚಕ್ರವರ್ತಿಯನ್ನು ಯಾರು ಆರಿಸಬೇಕು ಅಂತ 1356ರಲ್ಲಿ ಅವನು ಹೊರಡಿಸಿದ ಶಾಸನದ ನೆನಪಿಗೆ ಇದು. ಅದೇ ಕಾರ್ಲ್‌ನ ಒಪ್ಪಿಗೆಯಿಂದಲೇ 1349ರಲ್ಲಿ ಇಲ್ಲಿದ್ದ ಯೆಹೂದಿಗಳ ಕೇರಿಯನ್ನು ಕೆಡವಿದರು, ನೂರಾರು ಜನರನ್ನು ಕೊಂದರು, ಅವರ ಪ್ರಾರ್ಥನಾ ಮಂದಿರವಿದ್ದ ಜಾಗದಲ್ಲೇ ಈ ಚರ್ಚ್ ಎದ್ದಿತು. ಗೊಂಬೆ ನೋಡುವಾಗ ಇದೂ ಗೊತ್ತಿರಬೇಕು.

ಮಧ್ಯಾಹ್ನ ಜನ ಸೇರುತ್ತಿದ್ದ ಹಾಗೆ ನೀವು ಮೇಲೆ ಹತ್ತಿ. ಕೋಟೆಯ ಬಯಲಿನಿಂದ ಊರಿನ ಕೆಂಪು ಹೆಂಚಿನ ಮಾಡುಗಳೆಲ್ಲ ಕಾಣುತ್ತವೆ, ಅಲ್ಲಿ ನಿಲ್ಲೋದಕ್ಕೆ ದುಡ್ಡು ಕೊಡಬೇಕಿಲ್ಲ. ಕೆಳಗಡೆಯೇ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1509ರಿಂದ ಸಾಯುವವರೆಗೆ ಇದ್ದ ಮನೆ. ಚಳಿ ಹೆಚ್ಚಾದರೆ ಜರ್ಮಾನಿಷಸ್ ನಾಟ್ಸಿಯೊನಾಲ್ ಮ್ಯೂಸಿಯಂಗೆ ಹೋಗಿ. ಅದರ ಸಂಗ್ರಹದಲ್ಲಿ ಹೂವಿನ ಚಿತ್ತಾರದ ಒಂದು ಪುಟ್ಟ ಮರದ ಡಬ್ಬಿಯಿದೆ. 1628ರಲ್ಲಿ ಒಬ್ಬ ಹುಡುಗಿ ಇನ್ನೊಬ್ಬಳಿಗೆ ಇದನ್ನು ಸಂತೆಯ ಉಡುಗೊರೆಯಾಗಿ ಕಳಿಸಿದಳು ಅಂತ ಅದರ ತಳದಲ್ಲಿ ಬರೆದಿದೆ. ಈ ಸಂತೆಗೆ ಸಿಕ್ಕಿರುವ ಅತಿ ಹಳೆಯ ದಾಖಲೆ ಅದೇ.

ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ದೀಪ ನೋಡೋದಕ್ಕೆ ಒಂದು ಸುತ್ತು ಬನ್ನಿ, ಊಟ ಬೇರೆ ಕಡೆ ಮಾಡಿ, ಮತ್ತೆ ರಾತ್ರಿ ಎಂಟರ ನಂತರ ಬನ್ನಿ. 9ಕ್ಕೆ ಮುಚ್ಚುತ್ತಾರೆ, ಆ ಕೊನೆಯ ಹೊತ್ತು ನನಗೆ ತುಂಬಾ ಇಷ್ಟ.

ತಿನ್ನೋದು, ಕುಡಿಯೋದು

ಬಿಸಿ ಮಸಾಲೆ ವೈನ್ ಗ್ಲೂವೈನ್. ಬೇಡ ಅನ್ನುವವರು ಕಿಂಡರ್‌ಪುನ್ಶ್ ಕೇಳಿ, ಹಣ್ಣಿನ ರಸದ್ದು, ಮದ್ಯ ಇರೋದಿಲ್ಲ. ಪಿಂಗಾಣಿ ಲೋಟಕ್ಕೆ ಕೆಲವು ಯೂರೋ ಠೇವಣಿ ಸೇರಿಸಿಯೇ ದುಡ್ಡು ತಗೊಳ್ಳುತ್ತಾರೆ. ಲೋಟ ಹಿಂದಿರುಗಿಸಿದರೆ ಅದು ವಾಪಸ್, ಚೆನ್ನಾಗಿದೆ ಅನಿಸಿದರೆ ಇಟ್ಟುಕೊಳ್ಳಿ.

ಮಾಂಸ ತಿನ್ನುವವರು ಬನ್ನಿನಲ್ಲಿ ಬೆರಳುದ್ದದ ಮೂರು ಸಾಸೇಜ್ ಇಟ್ಟುಕೊಡೋದನ್ನು ತಿನ್ನಲೇಬೇಕು. ಸಸ್ಯಾಹಾರಿಗಳು ಹಸಿದುಕೊಂಡಿರಬೇಕಾಗಿಲ್ಲ, ಸುಟ್ಟ ಚೆಸ್ಟ್‌ನಟ್, ಸಕ್ಕರೆ ಪಾಕದ ಬಾದಾಮಿ, ಸೇಬಿನ ಗೊಜ್ಜಿನ ಜೊತೆ ಕೊಡುವ ಆಲೂಗಡ್ಡೆ ರೊಟ್ಟಿ ಸಿಗುತ್ತವೆ. ರೊಟ್ಟಿಯನ್ನು ಯಾವುದರಲ್ಲಿ ಕರಿದದ್ದು, ಮೊಟ್ಟೆ ಇದೆಯಾ ಅಂತ ಕೇಳಿ, ಸಂಕೋಚ ಬೇಡ. ಊರಿನ ಹೆಸರಾಂತ ಮಸಾಲೆ ಬಿಸ್ಕತ್ತು ಲೇಬ್‌ಕೂಖನ್‌ನಲ್ಲಿ ಎಲೀಸನ್ ಅನ್ನೋದೇ ಉತ್ತಮ ಜಾತಿ. ಅದರಲ್ಲಿ ಕಾಲು ಭಾಗಕ್ಕೆ ಕಡಿಮೆಯಿಲ್ಲದಷ್ಟು ಬಾದಾಮಿ, ಹೇಜಲ್‌ನಟ್ ಅಥವಾ ವಾಲ್‌ನಟ್ ಇರಬೇಕು, ಹಿಟ್ಟು ನೂರಕ್ಕೆ ಹತ್ತನ್ನು ದಾಟಬಾರದು. ಇದಕ್ಕೂ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ.

ಭಾನುವಾರ

ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಸಂತೆ ಮಾತ್ರ ತೆರೆದಿರುತ್ತದೆ. ಬಟ್ಟೆ, ಪುಸ್ತಕ ಏನಾದರೂ ಬೇಕಿದ್ದರೆ ಶನಿವಾರವೇ ಮುಗಿಸಿಕೊಳ್ಳಿ. ಬೆಳಿಗ್ಗೆ ಯು1 ಹತ್ತಿ ಬೇರನ್‌ಶಾಂಟ್ಸೆಯಲ್ಲಿ ಇಳಿಯಿರಿ. ನಾಜಿ ನಾಯಕರ ವಿಚಾರಣೆ 1945ರ ನವೆಂಬರ್‌ನಿಂದ 1946ರ ಅಕ್ಟೋಬರ್‌ವರೆಗೆ ನಡೆದ 600ನೇ ನಂಬರಿನ ಕೋರ್ಟ್ ಹಾಲ್ ಅಲ್ಲಿದೆ, ಮೇಲಿನ ಮಹಡಿಯಲ್ಲಿ ಪ್ರದರ್ಶನವಿದೆ. ಹಬ್ಬಕ್ಕೆ ಬಂದು ಇದೆಲ್ಲ ಯಾಕೆ ಅಂತ ಗೆಳೆಯ ಕೇಳಬಹುದು. ಕರೆದುಕೊಂಡು ಹೋಗಿ, ಎರಡು ಗಂಟೆ ಸಾಕು.

ವಾಪಸ್ ಬರುವಾಗ ಸಂಜೆಯ ರೈಲಿಗೆ ಕಾಯಬೇಡಿ, ನಿಂತೇ ಬರಬೇಕಾಗುತ್ತದೆ. ಮೂರು ಗಂಟೆ ಸುಮಾರಿಗೆ ಹೊರಡಿ. ಸ್ಟೇಷನ್‌ಗೆ ಹತ್ತು ನಿಮಿಷ ಮುಂಚೆ ಬನ್ನಿ, ಪ್ಲಾಟ್‌ಫಾರ್ಮ್ ಕೊನೇ ಗಳಿಗೆಯಲ್ಲಿ ಬದಲಾಗಬಹುದು.