ಗಂಜಿ ಬೇರೆ, ತಿಳಿ ಬೇರೆ – ನನ್ನ ವಾಂತಿ ನಿಂತದ್ದು ಹೀಗೆ

ತೂಕ ಇಳಿಸ್ಲಿಕ್ಕೆ ಹೊಟ್ಟೆ ಸಣ್ಣ ಮಾಡುವ ಸ್ಲೀವ್ ಆಪರೇಶನ್ ಆದವರಿಗೆ ಈ ವಾಂತಿ ಎಂತದ್ದು ಅಂತ ನಾನು ಹೇಳ್ಬೇಕಾಗಿಲ್ಲ. ಬರೀ ಲಿಕ್ವಿಡ್ ಊಟ ಇರುವಷ್ಟು ದಿನ ಆರಾಮ ಇದ್ದೆ, ಮೆತ್ತನೆ ಊಟ ಶುರು ಮಾಡಿದ್ದೇ ತಡ, 4 ಚಮಚ ಹೋಗುದ್ರೊಳಗೆ ಎದೆಗೆ ಕಲ್ಲು ಕೂತ ಹಾಗೆ, ಬಾಯಿ ತುಂಬ ಜೊಲ್ಲು, ಬಚ್ಚಲಿಗೆ ಓಟ, ಬರುದು ಬರೀ ನೊರೆ.

ಆಪರೇಶನಿಗೇ 3.5 ಲಕ್ಷದ ಹತ್ರ ಹೋಗಿತ್ತು, ಅದರ ಮೇಲೆ ಎಂಡೋಸ್ಕೋಪಿ ಒಂದು 6-7 ಸಾವಿರ. ಹೊಟ್ಟೆಯ ದಾರಿ ಸಣ್ಣ ಆಗಿದೆಯಾ ನೋಡಿದ್ದು, ಇಲ್ಲ, ಸರಿ ಉಂಟು. 3200 ಕೊಟ್ಟ ಪ್ರೋಟೀನ್ ಡಬ್ಬಿ ವಾಸನೆಗೇ ಹೊಟ್ಟೆ ತೊಳಸ್ತಿತ್ತು, ಕೊನೆಗೆ ತಮ್ಮ ಜಿಮ್ಮಿಗೆ ತಕೊಂಡು ಹೋದ. ಒಮ್ಮೆ ನೀರೂ ನಿಲ್ಲದೆ ಅಡ್ಮಿಟ್ ಆದಾಗ ಸೀದಾ ಗ್ಲೂಕೋಸ್ ಹಾಕ್ಲಿಕ್ಕೆ ಹೊರಟಿದ್ರು, ಬಿ1 ಇಂಜೆಕ್ಷನ್ ಮೊದ್ಲು ಕೊಡಿ ಅಂತ ನಾನೇ ಹೇಳಿದ್ದು. ವಾರಗಟ್ಲೆ ವಾಂತಿ ಆದವರಿಗೆ ಥಯಾಮಿನ್, ಅಂದ್ರೆ ಈ ಬಿ1 ವಿಟಮಿನ್, ಖಾಲಿ ಆಗಿರ್ಬಹುದು, ಅದಿಲ್ಲದೆ ಗ್ಲೂಕೋಸ್ ಹೋದ್ರೆ ಮೆದುಳಿಗೇ ಪೆಟ್ಟು ಬೀಳ್ಬಹುದು. ಓದಿಕೊಂಡದ್ದು ಉಪಯೋಗಕ್ಕೆ ಬಂತು.

ಮನೆಲಿ ಒಂದೇ ಮಾತು, ಗಂಜಿ ಉಣ್ಣು ಸರಿ ಆಗ್ತದೆ. ಉಂಡೆ, ವಾಂತಿ. ಒಂದು ದಿನ ಬಟ್ಟಲು ನೋಡ್ತಾ ಕೂತಾಗ ಹೊಳೀತು ಮಾರಾಯ್ರೆ, ಊಟದ ಜೊತೆ ನೀರು ಕುಡಿಬೇಡ, ಅರ್ಧ ಗಂಟೆ ಬಿಡು ಅಂತ ಡಯಟಿಶಿಯನ್ ನೂರು ಸಲ ಹೇಳಿದ್ದಾರೆ, ನಮ್ಮ ಗಂಜಿ ಅಂದ್ರೆ ಎಂತ, ನೀರೂ ಅನ್ನವೂ ಒಟ್ಟಿಗೇ ಅಲ್ವಾ! ಕುಚ್ಚಲಕ್ಕಿ ಇನ್ನೊಂದು 2 ವಿಸಲ್ ಜಾಸ್ತಿ ಬೇಯಿಸಿ, ತಿಳಿ ಪೂರ್ತಿ ಬಸಿದು, ಅನ್ನ ಮಾತ್ರ ಹಿಸುಕಿ ಮಗುವಿನ ಚಮಚದಲ್ಲಿ, ಫೋನಲ್ಲಿ ಟೈಮರ್ ಇಟ್ಟು ಚಮಚಕ್ಕೆ 1 ನಿಮಿಷ. ತಿಳಿ 40 ನಿಮಿಷ ಬಿಟ್ಟು ಗುಟುಕು ಗುಟುಕಾಗಿ. ತಿಳಿ ಇಲ್ಲದ ಗಂಜಿ ಎಂತ ಗಂಜಿ ಅಂತ ಅಮ್ಮ ನಗಾಡಿದ್ರು. ಮೊದಲ ವಾರ 2 ಸಲ ಆಯ್ತು, ಮತ್ತೆ ಇಲ್ಲ. ಅನ್ನಕ್ಕಿಂತ ಮೊದ್ಲು ಒಂದು ಚಮಚ ಬೇರೆ ಎಂತದ್ದೋ ತಿಂತೇನೆ, ಅದು ಅಜ್ಜಿ ಹೇಳಿಕೊಟ್ಟದ್ದು, ಸದ್ಯಕ್ಕೆ ನನ್ನ ಹತ್ರವೇ ಇರ್ಲಿ.

ನೀರುದೋಸೆ ಮೆತ್ತಗೆ ಉಂಟಲ್ಲ ಅಂತ ಟ್ರೈ ಮಾಡಿದೆ, ಒಳಗೆ ಮುದ್ದೆಯಾಗಿ ಕೂತಿತು. ಬೊಂಡ (ಎಳನೀರು) ಓಕೆ, ಒಂದೇ ಸಲ ಅರ್ಧ ಗ್ಲಾಸ್ ಮಾತ್ರ ಬೇಡ. ಬಂಗುಡೆ ಮೀನು ಹೋಗುದಿಲ್ಲ, ಕಾಣೆ ಮೀನು ಹಬೆಲಿ ಬೇಯಿಸಿದ್ರೆ ಬೆಣ್ಣೆ ಹಾಗೆ ಇಳೀತದೆ, ರೇಟ್ ಕೇಳಿದ್ರೆ ಮಾತ್ರ ಪುನಃ ವಾಂತಿ ಬರ್ತದೆ. 118 ಕೆಜಿ ಇದ್ದವ ಈಗ 86 ಚಿಲ್ಲರೆ. ಕೋರಿ ರೊಟ್ಟಿ (ಕೋಳಿ ಸಾರು, ಗರಿಗರಿ ಅಕ್ಕಿ ರೊಟ್ಟಿ) 2 ಸಲ ತಿಂದು ನೋಡಿದೆ, 2 ಸಲವೂ ಬಚ್ಚಲು.