ಮೆಟ್ಟುಕತ್ತಿಯ ಮುಂದೆ ಸಿನಿಮಾ

ಸಿನಿಮಾ ಹೇಗಿತ್ತು ಅಂತ ಯಾರಾದರೂ ಕೇಳಿದರೆ ನಮ್ಮನೆಯಲ್ಲಿ ಡಬ್ಬದ ಲೆಕ್ಕದಲ್ಲಿ ಹೇಳುತ್ತೇವೆ. ‘ತಿಥಿ’ ಹನ್ನೊಂದು ಡಬ್ಬ. ‘ತಬರನ ಕಥೆ’ ಹನ್ನೆರಡೂವರೆ. ‘ದ್ವೀಪ’ ಎಂಟು, ಅದೂ ಕೊನೆಯ ಡಬ್ಬ ತುಂಬಿರಲಿಲ್ಲ.

ಡಬ್ಬ ಅಂದರೆ ಸುಲಿದ ಹಸಿ ಅಡಿಕೆ ಅಳೆಯುವ ತಗಡಿನ ಡಬ್ಬ. ಸಿನಿಮಾ ನೋಡುತ್ತಾ ಎಷ್ಟು ಡಬ್ಬ ಸುಲಿದೆವು ಅನ್ನುವುದೇ ಲೆಕ್ಕ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಅಡಿಕೆ ಮನೆ. ಕೊಯ್ಲು ಶುರುವಾಯಿತು ಅಂದರೆ ಎರಡು ತಿಂಗಳು ರಾತ್ರಿ ಜಗುಲಿಯಲ್ಲೇ ಸಂಸಾರ. ಅತ್ತೆ, ನಾನು, ಪಕ್ಕದ ಎರಡು ಮನೆಯವರು, ಕೆಲಸಕ್ಕೆ ಬರುವ ಮೂರ್ನಾಲ್ಕು ಹೆಂಗಸರು ಸಾಲಾಗಿ, ಕಾಲಲ್ಲಿ ಮೆಟ್ಟಿ ಹಿಡಿದು ಅಡಿಕೆ ಸುಲಿಯುವ ಮೆಟ್ಟುಕತ್ತಿ ಹಾಕಿಕೊಂಡು ಕೂತರೆ ಏಳುವುದು ಹತ್ತೂವರೆಗೆ. ಅಂದಂದು ಕೊಯ್ದದ್ದನ್ನು ಅಂದಂದೇ ಸುಲಿದರೆ ಮಾತ್ರ ಬೆಳಿಗ್ಗೆ ಹಂಡೆಗೆ ಹಾಕಿ ಬೇಯಿಸಲು ಆಗುತ್ತದೆ. ಸುಲಿಯುವ ಯಂತ್ರ ಊರಿಗೆ ಬಂದಿದೆ, ನಮ್ಮನೆಗೆ ಬಂದಿಲ್ಲ.

ಮೊದಲೆಲ್ಲ ಈ ಹೊತ್ತಿಗೆ ರೇಡಿಯೋ ಇತ್ತು. ಭದ್ರಾವತಿ ಆಕಾಶವಾಣಿಯ ನಾಟಕ ಕೇಳುತ್ತಾ ಸುಲಿಯುತ್ತಿದ್ದೆವು ಅಂತ ಅತ್ತೆ ಈಗಲೂ ಹೇಳುತ್ತಾರೆ. ಆಮೇಲೆ ಟೀವಿ ಬಂದು ಒಳಗಿನ ಕೋಣೆಯಲ್ಲಿ ಧಾರಾವಾಹಿ ಓಡಲು ಶುರುವಾಯಿತು. ಅರ್ಧ ಜನ ಎದ್ದು ಒಳಗೆ ಹೋದರೆ ಜಗುಲಿಯ ಅಡಿಕೆ ಹಾಗೇ ಉಳಿಯುತ್ತಿತ್ತು. 2021ರ ಕೊಯ್ಲಿನಲ್ಲಿ ನಮ್ಮವರು ಟೀವಿಯನ್ನೇ ಕಿತ್ತು ಜಗುಲಿಗೆ ತಂದು ಇಟ್ಟರು. ಆ ವರ್ಷವೇ ಫೈಬರ್ ಲೈನೂ ಬಂದಿತ್ತು. ಎಂತ ಹಾಕುತ್ತೀಯೋ ಹಾಕು, ಯಾರೂ ಏಳಬಾರದು ಅಂತ ನನಗೆ ರಿಮೋಟ್ ಕೊಟ್ಟರು. ಹಾಗೆ ಶುರುವಾದದ್ದು ಇದು.

ಸ್ಟಾರ್ ಸಿನಿಮಾಗಳು ಮೊದಲ ವಾರದಲ್ಲೇ ಮುಗಿದವು. ಎಲ್ಲರೂ ನೋಡಿದ್ದೇ, ಇಲ್ಲವೇ ಎಲ್ಲರಿಗೂ ಕಥೆ ಗೊತ್ತಿರುವುದೇ. ಹೊಡೆದಾಟ ಬಂದಾಗ ಸ್ಪೀಕರಿನ ಅಬ್ಬರಕ್ಕೆ ಕೊಟ್ಟಿಗೆಯ ದನ ಎದ್ದು ನಿಲ್ಲುತ್ತಿದ್ದವು. ಆಗ ನಾನು ಹೆಸರು ಮಾತ್ರ ಕೇಳಿದ್ದ, ಥಿಯೇಟರಿನಲ್ಲಿ ಒಂದು ವಾರವೂ ನಿಲ್ಲದ, ನಮ್ಮೂರಿಗಂತೂ ಯಾವತ್ತೂ ಬಾರದ ಸಿನಿಮಾಗಳನ್ನು ಹುಡುಕಲು ಹೊರಟೆ.

ಮೊದಲ ಪ್ರಯೋಗದಲ್ಲೇ ಎಡವಿದೆ. ನಮ್ಮ ಮಾವ ಇದ್ದಾಗ ಹೆಗ್ಗೋಡಿನ ಕಥೆ ಹೇಳುತ್ತಿದ್ದರು. ಅಲ್ಲಿನ ನಾಟಕ ಸಂಸ್ಥೆ ನೀನಾಸಂನವರು 1973ರಲ್ಲಿ ಚಿತ್ರಸಮಾಜ ಶುರು ಮಾಡಿ ಹಳ್ಳಿಯ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಿದ್ದು, ಮಾವ ಗದ್ದೆ ಕೆಲಸ ಮುಗಿಸಿ ಹೋಗಿ ‘ಪಥೇರ್ ಪಾಂಚಾಲಿ’ ನೋಡಿ ಬಂದದ್ದು. ಆ ಗುಂಗಿನಲ್ಲಿ ನಾನು 1948ರ ಇಟಲಿಯ ‘ಬೈಸಿಕಲ್ ಥೀವ್ಸ್’ ಹಾಕಿದೆ. ಬಡವನ ಸೈಕಲ್ ಕಳುವಾಗುವ ಕಥೆ, ಯಾರಿಗೆ ತಿಳಿಯುವುದಿಲ್ಲ? ತಿಳಿಯುತ್ತಿತ್ತು, ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಆದರೆ ನಾನು ‘ಅಲ್ಲಿ ನೋಡಿ, ಹುಡುಗನ ಮುಖ ನೋಡಿ’ ಅಂದೆ. ಪಕ್ಕದ ಮನೆಯ ಅಕ್ಕ ತಲೆ ಎತ್ತಿದರು. ಹೆಬ್ಬೆರಳು ಕತ್ತಿಯ ಮೇಲೆ ಹೋಯಿತು. ಅರಿಶಿನ ಒತ್ತಿ ಬಟ್ಟೆ ಕಟ್ಟಿ, ಬೆಳಿಗ್ಗೆ ಪೇಟೆಗೆ ಕರೆದುಕೊಂಡು ಹೋಗಿ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. ಆ ಸೈಕಲ್ ಸಿಕ್ಕಿತೋ ಇಲ್ಲವೋ ಅಂತ ಅಕ್ಕ ಇವತ್ತಿಗೂ ಕೇಳಿಲ್ಲ.

ಸುಲಿಯುವವರ ಕಣ್ಣು ಕತ್ತಿಯ ಮೇಲಿರಬೇಕು. ಕಿವಿ ಮಾತ್ರ ಖಾಲಿ. ಹಾಗಾದರೆ ನನಗೆ ಬೇಕಾದದ್ದು ಕಿವಿಯಿಂದ ನೋಡಬಹುದಾದ ಸಿನಿಮಾ. ಇದು ಹೊಳೆದದ್ದು ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ. ಅಲ್ಲಿಂದ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಯಾವುದೇ ಸಿನಿಮಾ ಇರಲಿ, ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಒಬ್ಬಳೇ ಕೂತು, ನಡುವಿನ ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡು ಕೇಳುತ್ತೇನೆ. ಯಾರು ಬಂದರು, ಯಾರು ಹೋದರು, ಯಾಕೆ ಸಿಟ್ಟು ಅನ್ನುವುದು ಗೊತ್ತಾದರೆ ಪಾಸು. ಬರೀ ಗಾಳಿ, ಹಕ್ಕಿ, ಬಾಗಿಲಿನ ಕಿರ್‌ಗುಟ್ಟುವಿಕೆ ಇದ್ದರೆ ಅದು ಎಷ್ಟೇ ದೊಡ್ಡ ಪ್ರಶಸ್ತಿ ಪಡೆದಿರಲಿ, ಭಾನುವಾರಕ್ಕೆ ಎತ್ತಿಡುತ್ತೇನೆ. ಭಾನುವಾರ ನಮ್ಮಲ್ಲಿ ಸುಲಿತ ಇಲ್ಲ.

ಹುಡುಕುವುದೇ ದೊಡ್ಡ ಕೆಲಸ. ಆ್ಯಪ್ ತೆರೆದ ಕೂಡಲೇ ಮುಖಕ್ಕೆ ಬರುವುದೆಲ್ಲ ಅವರಿಗೆ ಮಾರಬೇಕಾದ ಸಿನಿಮಾ, ನಮಗೆ ಬೇಕಾದದ್ದು ಹತ್ತು ಸಾಲು ಕೆಳಗೆ ಹೂತಿರುತ್ತದೆ. ಕನ್ನಡದಲ್ಲಿ ಟೈಪ್ ಮಾಡಿದರೆ ಎಷ್ಟೋ ಸಲ ಏನೂ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ದ್ವೀಪಕ್ಕೆ ‘ಡಬ್ಲ್ಯೂ’ ಹಾಕಿದ್ದಾರೋ ‘ವಿ’ ಹಾಕಿದ್ದಾರೋ, ಕಥೆಗೆ ‘ಎಚ್’ ಎಷ್ಟು ಅನ್ನುವುದೇ ಒಂದು ತಪಸ್ಸು. ಅದಕ್ಕೆ ನಾನು ಸಿನಿಮಾ ಹೆಸರು ಬಿಟ್ಟು ನಿರ್ದೇಶಕರ ಹೆಸರು, ನಟಿಯ ಹೆಸರು ಹಾಕಿ ಹುಡುಕುತ್ತೇನೆ. ರಾಷ್ಟ್ರಪ್ರಶಸ್ತಿಯಲ್ಲಿ ಪ್ರತಿವರ್ಷ ಅತ್ಯುತ್ತಮ ಕನ್ನಡ ಚಿತ್ರ ಅಂತ ಒಂದು ಇರುತ್ತದಲ್ಲ, ಆ ಪಟ್ಟಿಯನ್ನು ಮಗನ ಹಳೆಯ ಲೆಕ್ಕದ ನೋಟ್‌ಬುಕ್ಕಿನ ಹಿಂದೆ ಬರೆದುಕೊಂಡಿದ್ದೇನೆ. ಸಿಕ್ಕಿದ್ದಕ್ಕೆ ಟಿಕ್, ಇದ್ದು ಮಾಯವಾದದ್ದಕ್ಕೆ ಸೊನ್ನೆ. ಕರಾರು ಮುಗಿದರೆ ಸಿನಿಮಾ ಅಲ್ಲಿಂದ ಎದ್ದು ಹೋಗುತ್ತದೆ, ಹೇಳುವುದೂ ಇಲ್ಲ. ಆದ್ದರಿಂದ ಆಮೇಲೆ ನೋಡೋಣ ಅಂತ ಇಟ್ಟುಕೊಳ್ಳುವುದನ್ನು ಬಿಟ್ಟಿದ್ದೇನೆ. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿಯವರು ವೇವ್ಸ್ ಅಂತ ತಮ್ಮದೇ ಆ್ಯಪ್ ತಂದ ಮೇಲೆ ಅದನ್ನೂ ತಿಂಗಳಿಗೊಮ್ಮೆ ಕೆದಕುತ್ತೇನೆ. ನಾನು ಚಿಕ್ಕವಳಿದ್ದಾಗ ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಪ್ರಶಸ್ತಿ ಚಿತ್ರ ಹಾಕುತ್ತಿದ್ದರು, ಅದು ಬಂತು ಅಂದರೆ ನಾವು ಮಕ್ಕಳು ಅಂಗಳಕ್ಕೆ ಓಡುತ್ತಿದ್ದೆವು. ಈಗ ಅವನ್ನೇ ದುಡ್ಡು ಕೊಟ್ಟು ಹುಡುಕುತ್ತಿದ್ದೇನೆ.

ಯೂಟ್ಯೂಬಿನಲ್ಲಿ ಸಿಗುವ ಹಳೆಯ ಸಿನಿಮಾಗಳಲ್ಲಿ ಹಕ್ಕುದಾರರ ಚಾನೆಲ್ಲಿನದು ಯಾವುದು, ಯಾರೋ ಕದ್ದು ಹಾಕಿದ್ದು ಯಾವುದು ನೋಡಬೇಕು. ಕದ್ದದ್ದರಲ್ಲಿ ಮೂಲೆಯಲ್ಲಿ ಅಳಿಸಿದ ಲಾಂಛನ ಇರುತ್ತದೆ, ಇಲ್ಲವೇ ದನಿ ವಿಕಾರ ಮಾಡಿರುತ್ತಾರೆ. ಕಿವಿಯಿಂದ ನೋಡುವ ನಮಗೆ ಅದು ದಕ್ಕುವುದಿಲ್ಲ. ಇನ್ನೊಂದು ಮಾತು: ಊರಿನ ಯುವಕ ಸಂಘದವರು ಶಾಲೆ ಮೈದಾನದಲ್ಲಿ ತೋರಿಸೋಣ, ನಿಮ್ಮ ಪಾಸ್‌ವರ್ಡ್ ಕೊಡಿ ಅಕ್ಕ ಅಂತ ಬಂದಿದ್ದರು. ಕೊಡಲಿಲ್ಲ. ಮನೆಯೊಳಗೆ ನೋಡಲು ಕೊಟ್ಟ ಚಂದಾ ಅದು, ಮೈದಾನದಲ್ಲಿ ತೋರಿಸಬೇಕಾದರೆ ಸಿನಿಮಾ ಮಾಡಿದವರನ್ನು ಕೇಳಬೇಕು.

ಇಂಟರ್ನೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಮಲೆನಾಡಿನವರಿಗೆ ಗೊತ್ತೇ ಇದೆ. ಒಳ್ಳೆಯ ಚಿತ್ರಕ್ಕೆ 5 ಎಂಬಿಪಿಎಸ್ ವೇಗ ಸಾಕು, ಗಂಟೆಗೆ 2ರಿಂದ 3 ಜಿಬಿ ತಿನ್ನುತ್ತದೆ. ಮೊಬೈಲಿನ ದಿನದ ಪ್ಯಾಕಿನಲ್ಲಿ ಅರ್ಧ ಸಿನಿಮಾವೂ ಓಡುವುದಿಲ್ಲ. ಗುಣಮಟ್ಟ ಇಳಿಸಿದರೆ ಗಂಟೆಗೆ 1 ಜಿಬಿ, ಅಡಿಕೆ ಸುಲಿಯುವವರಿಗೆ ಅದು ಧಾರಾಳ ಸಾಕು. ಟೀವಿ, ರೌಟರ್ ಎರಡನ್ನೂ ಇನ್ವರ್ಟರಿಗೆ ಕೊಟ್ಟಿದ್ದೇವೆ. ಆದರೂ ಒಮ್ಮೆ ಬಾಡಿಗೆಗೆ ತೆಗೆದುಕೊಂಡ ಸಿನಿಮಾ ಶುರು ಮಾಡಿ ಇಪ್ಪತ್ತು ನಿಮಿಷಕ್ಕೆ ಅಕಾಲದ ಮಳೆ ಬಂದು ಎಲ್ಲೋ ಕೇಬಲ್ ಮೇಲೆ ಮರ ಬಿತ್ತು. ಶುರು ಮಾಡಿದ ಮೇಲೆ 48 ಗಂಟೆಯೊಳಗೆ ನೋಡಿ ಮುಗಿಸಬೇಕು ಅನ್ನುವುದು ಕರಾರು. ಲೈನ್ ಬಂದದ್ದು ಮೂರನೆಯ ದಿನ. ಮರಕ್ಕೆ ಕರಾರು ಗೊತ್ತಿಲ್ಲ.

ಟೀವಿಗಿಂತ ಮುಖ್ಯವಾದದ್ದು ಸ್ಪೀಕರು. ಟೀವಿಯ ದನಿ ಅದರ ಬೆನ್ನಿನಿಂದ ಗೋಡೆಗೆ ಬಡಿಯುತ್ತದೆ, ಇತ್ತ ಎಂಟು ಕತ್ತಿಯ ಸದ್ದು, ಡಬ್ಬಕ್ಕೆ ಅಡಿಕೆ ಬೀಳುವ ಸದ್ದು. ಎರಡು ಸಣ್ಣ ಸ್ಪೀಕರ್ ತಂದು ಸಾಲಿನ ನಡುವೆ, ಸಿಪ್ಪೆ ರಾಶಿಯಿಂದ ದೂರ, ಒಂದು ಮಣೆಯ ಮೇಲೆ ಇಟ್ಟೆ. ಖಾಲಿ ಡಬ್ಬದ ತಳಕ್ಕೆ ಗೋಣಿಚೀಲ ಹಾಸಿದೆ. ಇದು ನನ್ನ ಇಡೀ ಪ್ರಯತ್ನದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಟ್ಟ ಕೆಲಸ.

ಈಗ ಸಿನಿಮಾಗಳಿಗೆ ಬರುತ್ತೇನೆ. ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’, 1986ರದು, ತೇಜಸ್ವಿಯವರ ಕಥೆ. ಪಿಂಚಣಿಗಾಗಿ ಕಚೇರಿ ಅಲೆಯುವ ನಿವೃತ್ತ ಜವಾನ, ಹೆಂಡತಿಗೆ ಕಾಲಿನ ಕಾಯಿಲೆ. ಸಿನಿಮಾದಲ್ಲಿ ಗುಮಾಸ್ತ ‘ನಾಳೆ ಬಾ’ ಅನ್ನುವ ಮೊದಲೇ ನಮ್ಮ ಜಗುಲಿಯಲ್ಲಿ ಯಾರಾದರೊಬ್ಬರು ಅಂದಿರುತ್ತಿದ್ದರು. ಪಹಣಿ ತಿದ್ದುಪಡಿ, ವಿಧವಾ ವೇತನ, ಒಬ್ಬೊಬ್ಬರದೂ ಒಂದೊಂದು ಕಥೆ. ಸಿಟ್ಟು ಬಂದಷ್ಟೂ ಕೈ ಚುರುಕಾಯಿತು. ಹನ್ನೆರಡೂವರೆ ಡಬ್ಬ ಆದದ್ದು ಹಾಗೆ.

‘ತಿಥಿ’ ನೋಡುವಾಗ ನನಗೇ ಭಯವಿತ್ತು. ಮಂಡ್ಯ ಕಡೆಯ ನೊದೆಕೊಪ್ಪಲಿನಲ್ಲಿ ಅಲ್ಲಿನವರನ್ನೇ ಇಟ್ಟುಕೊಂಡು ತೆಗೆದ ಸಿನಿಮಾ, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆದದ್ದು. ಶುರುವಿನಲ್ಲೇ ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗಿ ಬರುವವರಿಗೆಲ್ಲ ಬೈಯುತ್ತಾನೆ, ಅದೂ ಎಂಥ ಬೈಗುಳ! ಅತ್ತೆಯ ಮುಂದೆ ಹೇಗಪ್ಪಾ ಅಂತ ರಿಮೋಟ್ ಮೇಲೆ ಬೆರಳಿಟ್ಟು ಕೂತಿದ್ದೆ. ಅತ್ತೆ ತಲೆ ಎತ್ತದೆ, ‘ನಮ್ಮ ಅಜ್ಜಯ್ಯನೂ ಹೀಗೇ ಇದ್ದಿದ್ದು, ಇರಲಿ ಬಿಡೆ’ ಅಂದರು. ಅಷ್ಟೇ. ಆಮೇಲೆ ಹನ್ನೊಂದನೆಯ ದಿನದ ತಿಥಿ ಊಟಕ್ಕೆ ಕುರಿ ಹೊಂದಿಸುವ ಪಾಡು ನೋಡಿ ಸಾಲಿಗೆ ಸಾಲೇ ನಕ್ಕಿತು.

ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳ ಸೀಮೆಯದು, 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತ್ತು. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು ಚೈನ್ ವ್ಯಾಪಾರಕ್ಕೆ ಬಿದ್ದು ಆರೋಗ್ಯದ ಪುಡಿ ಮಾರಲು ಹೊರಡುತ್ತಾಳೆ. ಆ ವರ್ಷ ಕೊಯ್ಲಿಗೆ ಬಯಲುಸೀಮೆಯಿಂದ ಬಂದಿದ್ದ ಇಬ್ಬರು ಹೆಂಗಸರು ನಮ್ಮಲ್ಲಿದ್ದರು. ಅದುವರೆಗೆ ಮೂಲೆಯಲ್ಲಿ ಮಾತಿಲ್ಲದೆ ಕೂತವರು, ಅವತ್ತು ಎಲ್ಲರಿಗಿಂತ ಮೊದಲು ನಕ್ಕರು. ನಮಗೆ ತಿಳಿಯದ ಮಾತುಗಳನ್ನು ಅವರೇ ಬಿಡಿಸಿ ಹೇಳಿದರು. ಇನ್ನೊಂದು ಗುಟ್ಟೂ ಹೊರಬಿತ್ತು: ಸಾಲಿನಲ್ಲಿದ್ದ ಐದು ಜನರ ಮನೆಯ ಕಪಾಟಿನಲ್ಲಿ ಅಂಥದ್ದೇ ಒಂದು ಡಬ್ಬಿ ಇದೆ. ನಮ್ಮನೆಯದೂ ಸೇರಿ.

‘ದ್ವೀಪ’ ನನ್ನ ಪರೀಕ್ಷೆಯಲ್ಲಿ ಪಾಸಾಗಿತ್ತು. ಮಾತಿದೆ, ಮಳೆಯ ಸದ್ದಿದೆ, ಕಥೆ ಕಿವಿಗೆ ಸಿಗುತ್ತದೆ. ಸಾಗರದ ನಾ. ಡಿಸೋಜರ ಕಾದಂಬರಿ, 2002ರಲ್ಲಿ ಕಾಸರವಳ್ಳಿಯವರು ತೆಗೆದದ್ದು, ಸೌಂದರ್ಯ ಅವರೇ ನಿರ್ಮಾಪಕಿ, ಅವರೇ ನಾಗಿ. ಅಣೆಕಟ್ಟಿನ ನೀರು ಏರುತ್ತಾ ಬರುತ್ತದೆ, ಎಲ್ಲರೂ ಪರಿಹಾರ ತೆಗೆದುಕೊಂಡು ಹೋಗುತ್ತಾರೆ, ಇವರ ಮನೆ ಮಾತ್ರ ಉಳಿಯುತ್ತದೆ. ಹಾಕುವಾಗ ನಾನು ಯೋಚನೆ ಮಾಡಲೇ ಇಲ್ಲ. ಸಾಲಿನ ಕೊನೆಯಲ್ಲಿ ಕೂರುವ ಅಜ್ಜಿಯ ತವರು ಲಿಂಗನಮಕ್ಕಿಯ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟು ಮುಗಿಯುವಾಗ ಅವರಿನ್ನೂ ಲಂಗದ ಹುಡುಗಿ. ನೀರು ಹೊಸಿಲಿಗೆ ಬಂದ ಹೊತ್ತಿಗೆ ಅಜ್ಜಿಯ ಕತ್ತಿ ನಿಂತಿತು. ಅಳಲಿಲ್ಲ. ‘ನಮ್ಮಲ್ಲಿ ಮೊದಲು ತೋಟಕ್ಕೆ ಬಂತು’ ಅಂದರು. ಆಮೇಲೆ ಸಿನಿಮಾ ಓಡುತ್ತಿದ್ದಂತೆಯೇ ಅವರ ಕಥೆಯೂ ಓಡಿತು: ಬಾವಿ ಕಟ್ಟೆ, ಬಿಟ್ಟು ಬಂದ ಒನಕೆ, ಲಾರಿಯಲ್ಲಿ ದನ ಹತ್ತದೆ ಹಠ ಮಾಡಿದ್ದು. ನಾನು ಸ್ಪೀಕರ್ ದನಿ ತಗ್ಗಿಸಿದೆ. ಸೌಂದರ್ಯ ಅಲ್ಲಿ ಬಾಯಿ ಆಡಿಸುತ್ತಿದ್ದರು, ಎಲ್ಲರೂ ಅಜ್ಜಿಯನ್ನು ಕೇಳುತ್ತಿದ್ದರು. ಎಂಟು ಡಬ್ಬ. ನಮ್ಮವರು ಅಳೆದು ನೋಡಿ ಏನೂ ಅನ್ನಲಿಲ್ಲ.

‘ಘಟಶ್ರಾದ್ಧ’ವನ್ನು ಭಾನುವಾರಕ್ಕೆ ಎತ್ತಿಟ್ಟಿದ್ದೆ. ಅನಂತಮೂರ್ತಿಯವರ ಕಥೆ, ಕಾಸರವಳ್ಳಿಯವರು ತೆಗೆದ 1977ರ ಕಪ್ಪು ಬಿಳುಪು ಚಿತ್ರ, ನನಗೆ ಸಿಕ್ಕ ಪ್ರತಿ ಮಾಸಲು. ಅದರ ನೆಗೆಟಿವ್ ಶುದ್ಧ ಮಾಡಿ 4ಕೆ ಪ್ರತಿ ತೆಗೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದಾರೆ. ಅದು ನಮ್ಮ ಜಗುಲಿಯವರೆಗೆ ಬರುವುದನ್ನು ಕಾಯುತ್ತಿದ್ದೇನೆ. ಆದರೆ ಕಳೆದ ಕೊಯ್ಲಿನಲ್ಲಿ ಅತ್ತೆಯೇ ಅದನ್ನು ಹಾಕು ಅಂತ ಹಠ ಹಿಡಿದರು. ಅನಂತಮೂರ್ತಿ ಹುಟ್ಟಿದ ಮೇಳಿಗೆ, ಕಾಸರವಳ್ಳಿಯವರ ಕೆಸಲೂರು ಎರಡೂ ತೀರ್ಥಹಳ್ಳಿ ತಾಲ್ಲೂಕು, ಅತ್ತೆಯ ತವರೂ ಅದೇ ತಾಲ್ಲೂಕು. ನಮ್ಮೂರ ಕಡೆಯದ್ದನ್ನು ಕೆಲಸದ ದಿನ ತೋರಿಸಲು ಎಂತ ಅಡ್ಡಿ ಅಂತ ಕೇಳಿದರು. ಬುಧವಾರ ಹಾಕಿದೆ.

ಅದರಲ್ಲಿ ಮಾತು ಕಡಿಮೆ. ಪುಟ್ಟ ಹುಡುಗ ನಾಣಿ ನೋಡುತ್ತಾನೆ, ಯಮುನಕ್ಕ ಸುಮ್ಮನಿರುತ್ತಾಳೆ. ಕಿವಿಗೆ ಏನೂ ಸಿಗದೆ ಹೋದಾಗ ಒಬ್ಬೊಬ್ಬರೇ ತಲೆ ಎತ್ತಿದರು. ಬೆರಳು ಕೊಯ್ದುಕೊಳ್ಳುತ್ತೀರಿ ಅಂದೆ. ಪಕ್ಕದ ಮನೆಯ ಅಕ್ಕ ಕತ್ತಿಯಿಂದ ಕಾಲು ತೆಗೆದು ಮಗ್ಗುಲಿಗೆ ಮಡಚಿ ಕೂತರು. ಮಿಕ್ಕವರೂ ಹಾಗೇ ಮಾಡಿದರು. ಕೊನೆಗೆ ಯಮುನಕ್ಕನ ತಲೆ ಬೋಳಿಸಿ ಊರು ಹೊರಗೆ ಹಾಕಿದಾಗ ಜಗುಲಿಯಲ್ಲಿ ಒಂದೇ ಒಂದು ಅಡಿಕೆ ಡಬ್ಬಕ್ಕೆ ಬೀಳುವ ಸದ್ದಿರಲಿಲ್ಲ. ಮುಗಿದ ಮೇಲೆ ಯಾರೂ ಮಾತಾಡದೆ ಸೆರಗಿಗೆ ಕೈ ಒರೆಸಿಕೊಂಡು, ಟಾರ್ಚ್ ಹಚ್ಚಿಕೊಂಡು ಹೊರಟುಹೋದರು.

ಮೂರು ಡಬ್ಬ. ಬೆಳಿಗ್ಗೆ ಹಂಡೆಯಲ್ಲಿ ಅಡಿಕೆ ಬೇಯಿಸುವ ಚೊಗರು ನೀರು ಕುದಿಯುತ್ತಿತ್ತು, ಹಾಕಲು ಅಡಿಕೆ ಸಾಲಲಿಲ್ಲ. ನಮ್ಮವರು ಒಲೆಯ ಮುಂದೆ ನಿಂತು ಖಾಲಿ ಡಬ್ಬಗಳನ್ನು ಒಂದೊಂದಾಗಿ ಕವುಚಿ ಇಟ್ಟರು. ‘ಇವತ್ತು ರಾತ್ರಿ ಯಾವುದು?’ ಅಂತ ಕೇಳಿದರು.

‘ಇನ್ನೂ ನೋಡಿಲ್ಲ’ ಅಂದೆ.

‘ಮಾತು ಜಾಸ್ತಿ ಇರುವಂಥದ್ದು ನೋಡು ಮಾರಾಯ್ತಿ.’